ಮಿಣುಕು

ಬೆಳಗ್ಗೆ ಎದ್ದಾಗಿನಿಂದ ಎಲ್ಲಕ್ಕೂ ಒಂದು ಹೊಳಪು ಬಂದುಬಿಟ್ಟಿತ್ತು. ಬಚ್ಚಲಿನ ನಲ್ಲಿಯ ತುದಿಯಲ್ಲಿ ತೂಗುತ್ತಿದ್ದ ಹನಿ, ಅಡುಗೆಮನೆ ಕಿಟಕಿಯ ಚಿಲಕ, ಅತ್ತೆಯ ಕನ್ನಡಕದ ಕಡ್ಡಿ, ಎಲ್ಲ ದಿನವೂ ಕಣ್ಣಿಗೆ ಬೀಳುವ ಸಾಮಾನುಗಳೇ. ಇವತ್ತು ಮಾತ್ರ ಒಂದೊಂದರ ಅಂಚಿಗೂ ಯಾರೋ ಸಣ್ಣ ಸಣ್ಣ ಮಿಣುಕು ಹೊಲಿದು ಹೋದಂತಿತ್ತು. ಅವಳು ಕಣ್ಣುಜ್ಜಿಕೊಂಡಳು. ಮಿಣುಕು ಹೋಗಲಿಲ್ಲ. ಹೋಗದಿದ್ದರೆ ಬೇಡ, ಇರಲಿ, ಇಂಥ ದಿನ ಇಷ್ಟಾದರೂ ಇರಬೇಡವೇ ಎಂದುಕೊಂಡಳು. ರಾತ್ರಿ ನಿದ್ದೆ ಹತ್ತಿರಲಿಲ್ಲ, ಹಣೆಗೆ ಬಿಗಿಯಾಗಿ ಪಟ್ಟಿ ಕಟ್ಟಿದಂತೆ ಸಿಡಿಯುತ್ತಿತ್ತು. ಆದರೆ ನರ್ಸಿಂಗ್ ಪರೀಕ್ಷೆಯ ಹಿಂದಿನ ದಿನವೂ ಹೀಗೇ ಆಗಿತ್ತು, ಮದುವೆಯ ಹಿಂದಿನ ದಿನವೂ ಹೀಗೇ. ಖುಷಿ ಹೆಚ್ಚಾದರೆ ತನ್ನ ತಲೆ ಮೊದಲು ಹಿಡಿದುಕೊಳ್ಳುತ್ತದೆ, ಹುಟ್ಟುಗುಣ. ಹೊಟ್ಟೆಯೊಳಗಿಂದ ಕೂಸು ಪಕ್ಕೆಗೆ ಒಂದು ಒದೆ ಕೊಟ್ಟಿತು. ‘ತಡಿಯೋ ಮಾರಾಯ, ಹೊರಟೆ’ ಎಂದು ಅವಳು ಗಟ್ಟಿಯಾಗಿಯೇ ಅಂದಳು.

“ಯಾರ ಹತ್ರ ಮಾತು?” ಅತ್ತೆ ಒಲೆಯ ಮುಂದಿನಿಂದ ತಿರುಗಿ ನೋಡಿದರು. “ಮುಖ ಯಾಕೆ ಹಿಂಗೆ ಉಬ್ಬಿದೆ?”

“ನಿದ್ದೆ ಜಾಸ್ತಿ ಆಯ್ತು ಅತ್ತೆ.”

“ನಿದ್ದೆ ಮಾಡಿದ್ರೆ ತಾನೇ ಜಾಸ್ತಿ ಆಗೋದು? ರಾತ್ರಿಯೆಲ್ಲ ನಿನ್ನ ಮಂಚ ಕಿರ್‍ರೋ ಅಂತಿತ್ತು. ಎಂಟು ತಿಂಗಳು ತುಂಬಿದೋಳು ಹೋಗಿ ಹೋಗಿ ಫಿಟ್ಸ್ ಬಂದೋರ ಥರ ಒದ್ದಾಡೋ ನಾಟಕ ಆಡ್ತಾಳಂತೆ. ಓದಿದ ಸೂಲಗಿತ್ತಿ! ಓದದೇ ಇದ್ದಿದ್ರೇ ಚೆನ್ನಾಗಿತ್ತು.”

ಅತ್ತೆಯ ಬೈಗುಳಕ್ಕೂ ಇವತ್ತು ಹೊಳಪಿತ್ತು. ಅವಳು ನಕ್ಕು ಚಪ್ಪಲಿ ಮೆಟ್ಟಲು ಹೋದಳು, ಪಾದ ಹೋಗಲಿಲ್ಲ. ಪಟ್ಟಿಯನ್ನು ಕೊನೆಯ ತೂತಿಗೆ ಸಡಿಲಿಸಿ ಹೇಗೋ ತುರುಕಿದಳು. ಬೆರಳಿನ ಉಂಗುರ ಒಂದು ವಾರದಿಂದ ಅಲುಗುತ್ತಿರಲಿಲ್ಲ. ಗಂಡ, ಅವನು ಬಸ್ ಓಡಿಸುವವನು, ಎಂಥ ಕೆಟ್ಟ ಗೇರನ್ನೂ ಒಲಿಸಿಕೊಳ್ಳುವವನು, ಸೋಪು ಹಚ್ಚಿ ಅರ್ಧ ಗಂಟೆ ಎಳೆದು ಸೋತು, “ಹೆರಿಗೆ ಆದ್ಮೇಲೆ ಕತ್ತರಿಸಿಬಿಡೋಣ ಬಿಡು” ಅಂದಿದ್ದ. ಕಾಲು ಊದುವುದು ಯಾವ ಬಸುರಿಗೆ ಇಲ್ಲ? ಕೈ ಊದುವುದು ಬೇರೆ, ಮುಖ ಊದುವುದು ಬೇರೆ ಎಂದು ವಾರಕ್ಕೊಮ್ಮೆ ಆಸ್ಪತ್ರೆಯ ಅಂಗಳದಲ್ಲಿ ಬಸುರಿಯರನ್ನು ಕೂರಿಸಿಕೊಂಡು ಪಾಠ ಮಾಡುವವಳು ಅವಳೇ. ‘ಮೂರು ಮುಟ್ಟು’ ಎಂಬ ಆಟ ಕಟ್ಟಿದವಳೂ ಅವಳೇ: ಹಣೆ ಮುಟ್ಟಿ ಹೇಳಿ, ತಲೆನೋವು ಬಿಡದೇ ಇದೆಯಾ? ರೆಪ್ಪೆ ಮುಟ್ಟಿ ಹೇಳಿ, ಕಣ್ಣಿಗೆ ಮಂಜು, ಮಿಂಚು ಕಾಣುತ್ತಾ? ಎದೆಗೂಡಿನ ಕೆಳಗೆ ಮುಟ್ಟಿ ಹೇಳಿ, ಇಲ್ಲಿ ಹಿಂಡಿದ ಹಾಗೆ ನೋವಾ? ಮೂರರಲ್ಲಿ ಒಂದಾದರೂ ಹೌದು ಅಂದರೆ ಊಟ ಮಾಡಿ ಬರ್ತೀನಿ, ಬಟ್ಟೆ ಒಗೆದು ಬರ್ತೀನಿ ಅನ್ನಬೇಡಿ, ಓಡಿ ಬನ್ನಿ. ಹೆಂಗಸರು ಶಾಲೆಯ ಮಕ್ಕಳಂತೆ ಹಣೆ, ರೆಪ್ಪೆ, ಹೊಟ್ಟೆ ಮುಟ್ಟಿಕೊಂಡು ಒಟ್ಟಿಗೆ ಹೇಳುತ್ತಿದ್ದರು. ಹಾಗೆ ಹೇಳಿಸುವಾಗ ಅವಳ ಕೈಯೂ ತಾನಾಗಿಯೇ ಹಣೆಗೆ ಹೋಗುತ್ತಿತ್ತು, ಪಾಠ ಮಾಡುವವಳ ಕೈ ಹೋದಂತೆ.

ಆಸ್ಪತ್ರೆಗೆ ನಡೆದೇ ಹೋಗುವಷ್ಟು ದೂರ. ಬೀಗ ರಿಪೇರಿ ಅಂಗಡಿಯ ಮುಂದೆ ತೂಗುಹಾಕಿದ ಕೀಲಿಕೈಗಳೆಲ್ಲ ಒಮ್ಮೆಲೇ ಹೊಳೆದು ಅವಳಿಗೆ ಒಂದು ಕ್ಷಣ ದಾರಿ ಕಾಣಲಿಲ್ಲ. ಗೋಡೆ ಹಿಡಿದು ನಿಂತಳು. ಮೊನ್ನೆ ಮನೆಯಲ್ಲಿ ತಾನೇ ಬಿ.ಪಿ. ನೋಡಿಕೊಂಡಿದ್ದಳು, ನೂರಾ ಮೂವತ್ತೆರಡು, ಎಂಬತ್ತಾರು. ಏನೂ ಇಲ್ಲ, ಅಂಚಿನಲ್ಲಿದೆ ಅಷ್ಟೆ. ಎಡಮಗ್ಗುಲಾಗಿ ಮಲಗಿ, ಮೇಲಿದ್ದ ಬಲತೋಳಿಗೆ ಪಟ್ಟಿ ಸುತ್ತಿ ನೋಡಿಕೊಂಡದ್ದು. ಹಾಗೆ ಮಲಗಿ ಹಾಗೆ ನೋಡಿದರೆ ಅಂಕಿ ನಿಜಕ್ಕಿಂತ ಕೆಳಗೆ ಇಳಿಯುತ್ತದೆ ಎಂದು ಹೊಸದಾಗಿ ಬಂದ ನರ್ಸುಗಳ ಕಿವಿ ಹಿಂಡಿ ಹೇಳಿಕೊಡುವುದು ಯಾರು? ಕೂರಿಸಿ, ಬೆನ್ನಿಗೆ ಒರಗು ಕೊಡಿ, ತೋಳು ಎದೆಯ ಮಟ್ಟಕ್ಕಿರಲಿ, ಮಾತಾಡಿಸಬೇಡಿ. ಬೇರೆಯವರಿಗೆ. ತನಗೆ ಕೂತು ನೋಡಿಕೊಳ್ಳಲು ಬೆನ್ನುನೋವು, ಅದಕ್ಕೇ ಮಲಗಿದ್ದು. ಬೆನ್ನುನೋವು ಇದ್ದದ್ದೇನೂ ಸುಳ್ಳಲ್ಲ. ಮೂತ್ರಕ್ಕೆ ಅದ್ದಿ ನೋಡುವ ಪಟ್ಟಿಗಳ ಡಬ್ಬಿಯನ್ನೂ ಚೀಲದಲ್ಲಿ ತಂದಿಟ್ಟುಕೊಂಡಿದ್ದಳು, ನಾಳೆ ನೋಡಿದರಾಯಿತು ಎಂದು. ಮೂತ್ರದಲ್ಲಿ ಪ್ರೋಟೀನ್ ಇದ್ದು ಪಟ್ಟಿ ಹಸಿರಿಗೆ ತಿರುಗಿತೆಂದರೆ ಮುಗಿಯಿತಲ್ಲ, ಮಂಚ ಹಿಡಿಯಬೇಕು, ತನ್ನದೇ ವಾರ್ಡಿನಲ್ಲಿ, ತನ್ನದೇ ಮೂಲೆಯ ಮಂಚ, ತಾನು ಬೈದು ಮಲಗಿಸಿದ ಹೆಂಗಸರ ಸಾಲಿನಲ್ಲಿ. ಹತ್ತು ಹನ್ನೊಂದು ವರ್ಷ ಕಾದು ಬಂದ ಬಸಿರನ್ನು ಹಾಗೆ ಹೆದರಿಕೊಂಡು ಮಲಗಿ ಕಳೆಯಬೇಕೇ? ಇವತ್ತೊಂದು ದಿನ ಕಳೆಯಲಿ. ಡ್ರಿಲ್ ಮುಗಿಯಲಿ. ಸಂಜೆ ಕೂತೇ ನೋಡಿಕೊಳ್ಳುತ್ತೇನೆ, ದೇವರಾಣೆ.

ಡ್ರಿಲ್ ಎಂದರೆ ವರ್ಷಕ್ಕೊಮ್ಮೆ ಅವರ ಹೆರಿಗೆ ವಾರ್ಡಿನಲ್ಲಿ ನಡೆಯುವ ತಾಲೀಮು. ಬಿ.ಪಿ. ಏರಿದ ಬಸುರಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಬಂದರೆ ಯಾರು ಕೂಗಬೇಕು, ಯಾರು ಮಗ್ಗುಲಿಗೆ ತಿರುಗಿಸಬೇಕು, ಯಾರು ಸೂಜಿ ಹಾಕಬೇಕು, ಯಾವುದು ಮೊದಲು, ಯಾವುದು ಆಮೇಲೆ. ಎಲ್ಲ ಆಸ್ಪತ್ರೆಗಳಲ್ಲಿ ಇದಕ್ಕೊಂದು ರಬ್ಬರ್ ಗೊಂಬೆ ಇರುತ್ತದೆ. ಇಲ್ಲಿಯೂ ಇತ್ತು, ಅದರ ಕುತ್ತಿಗೆ ಕಿತ್ತುಹೋದ ವರ್ಷ ಅವಳು ತಮಾಷೆಗೆ ಎಂಬಂತೆ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಮಂಚ ಹತ್ತಿದ್ದಳು. ಎಂಥಾ ಫಿಟ್ಸ್ ಆಡಿದಳೆಂದರೆ ಆಚೆ ಕಸ ಗುಡಿಸುತ್ತಿದ್ದ ಆಯಾ ಪೊರಕೆ ಬಿಸಾಡಿ ಓಡಿಬಂದಿದ್ದಳು. ಆಮೇಲೆ ಗೊಂಬೆ ಯಾರಿಗೂ ಬೇಕಾಗಲಿಲ್ಲ. ಅವಳು ಬೇಕಾದಳು. ವಾರ್ಡಿನಲ್ಲಿ ಡ್ರಿಲ್ಲಿಗೆ ‘ನಾಟಕ’ ಎಂದೇ ಹೆಸರಾಯಿತು. ಆದರೆ ಯಾರಿಗೂ ಹೇಳದ ಸಂಗತಿ ಒಂದಿತ್ತು. ಆ ದಿಂಬು. ಆಸ್ಪತ್ರೆಯ ಹಳೇ ಹತ್ತಿಯ ದಿಂಬು, ಫಿನಾಯಿಲ್ ವಾಸನೆ. ಅದನ್ನು ಕಟ್ಟಿಕೊಂಡ ಆ ಹೊತ್ತು ಎಲ್ಲರೂ ಅವಳ ಹೊಟ್ಟೆಗಾಗಿ ಓಡಾಡುತ್ತಿದ್ದರು, “ಮಗು ಹೇಗಿದೆ, ಮಗುವಿನ ಬಡಿತ ನೋಡಿ” ಎಂದು ಕೂಗುತ್ತಿದ್ದರು. ಡ್ರಿಲ್ ಮುಗಿದ ಮೇಲೆ ಬಿಚ್ಚಲು ಅವಳ ಕೈ ಬರುತ್ತಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಗೆ ಹೋಗಿ ದಿಂಬಿನ ಮೇಲೆ ಕೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದಳು. ಒಮ್ಮೆ ಹಾಗೆ ನಿಂತಿದ್ದಾಗ ಆಮೆ ಒಳಗೆ ಬಂದುಬಿಟ್ಟಳು.

ಆಮೆ ಎಂದರೆ ಅವಳ ಜೊತೆಯಲ್ಲೇ ಕೆಲಸಕ್ಕೆ ಸೇರಿದ ಇನ್ನೊಬ್ಬ ಸಿಸ್ಟರ್. ಎಲ್ಲದರಲ್ಲೂ ನಿಧಾನ. ಉಸಿರು ಎಣಿಸು ಅಂದರೆ ಪೂರ್ತಿ ಒಂದು ನಿಮಿಷ ಎಣಿಸುವವಳು, ಡ್ರಿಲ್ಲಿನಲ್ಲೂ. ಆ ಅಡ್ಡಹೆಸರು ಇಟ್ಟವಳು ಇವಳೇ, ಒಂದು ಡ್ರಿಲ್ಲಿನ ನಡುವೆ ಫಿಟ್ಸಿನಲ್ಲಿದ್ದವಳು ಕಣ್ಣು ಬಿಟ್ಟು, “ಏ ಆಮೆ, ನೀನು ಎಣಿಸಿ ಮುಗಿಸೋದ್ರಲ್ಲಿ ನಾನು ಸತ್ತು ಮೂರು ದಿನ ಆಗಿರುತ್ತೆ” ಅಂದಿದ್ದಳು. ಎಲ್ಲರೂ ನಕ್ಕರು, ಹೆಸರು ಅಂಟಿತು. ಅಂಥವಳು ಅವತ್ತು ದಿಂಬು ಹಿಡಿದು ನಿಂತ ಇವಳನ್ನು ನೋಡಿ ಏನೂ ಕೇಳದೆ, “ಇನ್ನೊಂಚೂರು ಇರ್ಲಿ ಬಿಡು, ಗಂಟು ಬಿಗಿಯಾಗಿದೆ, ಆಮೇಲೆ ಬಿಚ್ತೀನಿ” ಎಂದು ಹೊರಗೆ ಹೋಗಿ ಬಾಗಿಲ ಬಳಿ ಕಾವಲು ನಿಂತಳು. ಇವಳಿಗೆ ಆ ಕರುಣೆಯನ್ನು ಕ್ಷಮಿಸಲು ಆಗಿರಲಿಲ್ಲ. ಮಾರನೆಯ ದಿನವೇ ಊಟದ ಕೋಣೆಯಲ್ಲಿ ಎಲ್ಲರ ಮುಂದೆ ಆಮೆ ನಡೆಯುವುದನ್ನು ಅಣಕಿಸಿ ತೋರಿಸಿದ್ದಳು.

ಇವತ್ತು ದಿಂಬು ಬೇಕಿಲ್ಲ! ಮೆಟ್ಟಿಲು ಹತ್ತುವಾಗ ಇದೊಂದೇ ಮಾತು ತಲೆಯೊಳಗೆ ಕುಣಿಯುತ್ತಿತ್ತು. ಮೇಲಿನ ಆಫೀಸಿನಿಂದ ಇಬ್ಬರು ನೋಡಲು ಬರುತ್ತಾರೆ, ಚೆನ್ನಾಗಿ ಆದರೆ ಸುತ್ತಲಿನ ಎಲ್ಲ ಹೆರಿಗೆ ಆಸ್ಪತ್ರೆಗಳಿಗೂ ಅವಳನ್ನೇ ಕಲಿಸಲು ಕಳಿಸುತ್ತಾರಂತೆ. ಅದು ಬೇರೆ. ಆದರೆ ಈ ಹೊಟ್ಟೆ ಹೊತ್ತು ಆ ಮಂಚದ ಮೇಲೆ ಒಂದು ಸಲ, ಒಂದೇ ಸಲ. ವಾರ್ಡಿನ ಯಜಮಾನಿ ದೊಡ್ಡ ಸಿಸ್ಟರ್ ಅವಳನ್ನು ಬಾಗಿಲಲ್ಲೇ ತಡೆದರು. “ಬೇಡ ಕಣೇ, ನನಗೆ ಯಾಕೋ ಸರಿ ಕಾಣ್ತಿಲ್ಲ. ಗೊಂಬೆಗೆ ಕುತ್ತಿಗೆ ಕಟ್ಟಿಸಿದೀನಿ, ಅದನ್ನೇ ಮಲಗಿಸೋಣ.”

“ದೊಡ್ಡ ಸಿಸ್ಟರ್, ದಿಂಬು ಕಟ್ಟೋ ಕೆಲಸ ಉಳೀತು ಅಂದ್ಕೊಳ್ಳಿ! ಒದ್ದಾಡಲ್ಲ, ಮೆತ್ತಗೆ ನಡುಗ್ತೀನಿ. ಆ ಗೊಂಬೆ ಮುಖ ನೋಡಿದ್ರೆ ಬಂದೋರಿಗೇ ಫಿಟ್ಸ್ ಬರುತ್ತೆ.”

ದೊಡ್ಡ ಸಿಸ್ಟರ್ ನಗು ತಡೆಯಲಾರದೆ, “ಹಾಳಾಗ್ಹೋಗು” ಎಂದು ದಾರಿ ಬಿಟ್ಟರು. ಅವಳು ಮಂಚ ಹತ್ತಿ ಕೂತಳು. ಪಕ್ಕದ ಟ್ರೇಯಲ್ಲಿ ಡ್ರಿಲ್ಲಿನ ಸಿರಿಂಜುಗಳು ಸಾಲಾಗಿದ್ದವು, ಮೇಲೆ ಫಿಟ್ಸ್ ತಡೆಯುವ ಮದ್ದು ಮೆಗ್ನೀಷಿಯಂ ಎಂಬ ಚೀಟಿ, ಒಳಗೆ ಬರೀ ನೀರು. ಗೊತ್ತಾಗಲೆಂದು ಒಂದೊಂದಕ್ಕೂ ಕೆಂಪು ಟೇಪು ಸುತ್ತಿತ್ತು. ಆ ಟೇಪು ಸುತ್ತುವ ಪದ್ಧತಿ ತಂದವಳೂ ಅವಳೇ. ಎಲ್ಲವನ್ನೂ ತಾನೇ ಮಾಡಿದ್ದೇನೆ, ಈ ವಾರ್ಡಿಗೆ ತಾನಿಲ್ಲದೆ ಗತಿಯಿಲ್ಲ ಎಂದು ಹಿಗ್ಗಿದಳು. ಮೇಲಿನ ಆಫೀಸಿನವರು, ಒಬ್ಬ ಗಂಡಸು ಒಬ್ಬಳು ಹೆಂಗಸು, ಗೋಡೆಯ ಪಕ್ಕ ಕುರ್ಚಿಗಳಲ್ಲಿ ಕೂತರು. ಡಾಕ್ಟರಮ್ಮ ಬಂದು ಕೈ ಕಟ್ಟಿ ನಿಂತರು. ದೊಡ್ಡ ಸಿಸ್ಟರ್ ಚಪ್ಪಾಳೆ ತಟ್ಟಿದರು, ನಾಟಕ ಶುರುವಾಯಿತು.

ಆಮೆ ಅವಳ ಮುಂದೆ ಬಂದು ನಿಂತು ಮೂರು ಮುಟ್ಟು ಕೇಳತೊಡಗಿದಳು, ಅದೇ ಏರಿಳಿತವಿಲ್ಲದ ದನಿ. ತಲೆ ನೋಯ್ತಾ ಇದೆಯಾಮ್ಮ? ಅವಳು ಹಣೆ ಹಿಡಿದು, “ಸಿಡೀತಿದೆ ಸಿಸ್ಟರ್” ಎಂದು ನರಳಿದಳು. ನಟನೆಗೆ ಶ್ರಮವೇ ಬೇಕಾಗಲಿಲ್ಲ. ಕಣ್ಣ ಮುಂದೆ ಏನಾದ್ರೂ ಕಾಣ್ತಾ ಇದೆಯಾ? ಇಲ್ಲಿ ‘ಮಂಜು ಮಂಜು’ ಎನ್ನಬೇಕು, ಅವಳೇ ಬರೆದ ಮಾತು. ಆದರೆ ಒಳ್ಳೆಯ ನಟಿ ಬಾಯಿಪಾಠ ಒಪ್ಪಿಸುವುದಿಲ್ಲ, ನೋಡಿ ಹೇಳುತ್ತಾಳೆ. ಅವಳು ತಲೆಯೆತ್ತಿ ನೋಡಿದಳು. ಟ್ಯೂಬ್‌ಲೈಟಿನಿಂದ ಬೆಳ್ಳಿಯ ಚೂರುಗಳು ಸುರಿಯುತ್ತಿದ್ದವು. ಆಮೆಯ ಭುಜಗಳ ಮೇಲೆ, ಡಾಕ್ಟರಮ್ಮನ ಕೂದಲಲ್ಲಿ, ಕಿಟಕಿಯ ಸರಳುಗಳ ಮೇಲೆ, ಅಯ್ಯೋ, ಎಷ್ಟೊಂದು! ಸರಿಯಾದ ಶಬ್ದಕ್ಕಾಗಿ ತಡಕಾಡಿದಳು, ಬಾಯಿಗೆ ಬಂದದ್ದು ಒಂದೇ.

“ಚೆಂದ ಕಾಣ್ತಿದೆ ಸಿಸ್ಟರ್.”

ವಾರ್ಡಿಗೆ ವಾರ್ಡೇ ಗೊಳ್ಳೆಂದಿತು. ದೊಡ್ಡ ಸಿಸ್ಟರ್ ಬಾಯಿಗೆ ಸೆರಗು ಒತ್ತಿಕೊಂಡರು, ಡಾಕ್ಟರಮ್ಮ ಕೂಡ ನಕ್ಕರು, ಮತ್ತು ಏನೂ ತಿಳಿಯದ ಆಫೀಸಿನವರಿಗೆ ಯಾರೋ ಪಿಸುದನಿಯಲ್ಲಿ ಆ ಹಳೇ ಕಥೆ ಹೇಳಿದರು. ಅದು ಅವಳದೇ ಕಥೆ, ಊಟದ ಕೋಣೆಯಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದಳೋ. ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ಒಬ್ಬಳು ಹುಡುಗಿ ಹೆರಿಗೆಗೆ ಬಂದಿದ್ದಳು, ಸಣ್ಣ ವಯಸ್ಸು, ಊದಿದ ಮುಖ. ಕಣ್ಣ ಮುಂದೆ ಏನಾದರೂ ಕಾಣುತ್ತಾ ಎಂದರೆ ಅವಳು ಸುತ್ತ ನೋಡಿ ನಾಚಿ ನಕ್ಕು, “ಚೆಂದ ಕಾಣ್ತಿದೆ ಸಿಸ್ಟರ್” ಅಂದಿದ್ದಳು. “ಚೆಂದ ಕಾಣೋಕೆ ಇದೇನು ಸಿನಿಮಾ ಟಾಕೀಸಾ? ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಹೇಳು. ಮಂಜು ಇದೆಯಾ ಇಲ್ವಾ?” ಎಂದು ಇವಳು ಗದರಿದ್ದಳು. ಇಲ್ಲ, ಅಂದಿದ್ದಳು ಹುಡುಗಿ, ತಲೆ ತಗ್ಗಿಸಿ. ಇವಳು ‘ಇಲ್ಲ’ ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗಿದ್ದಳು. ಒಂದು ಗಂಟೆಯಲ್ಲಿ ಹುಡುಗಿಗೆ ಫಿಟ್ಸ್ ಬಂತು. ಉಳಿದಳು. ಮಗು ಉಳಿಯಲಿಲ್ಲ. ಊಟದ ಕೋಣೆಯಲ್ಲಿ ಕಥೆ ‘ಸಿನಿಮಾ ಟಾಕೀಸಾ’ ಎಂಬಲ್ಲಿಗೆ ಮುಗಿಯುತ್ತಿತ್ತು, ಅದರಾಚೆ ಅವಳು ಎಂದೂ ಹೇಳಿರಲಿಲ್ಲ.

ಎಲ್ಲರೂ ನಗುತ್ತಿದ್ದರು. ಅವಳ ಕಿವಿಯೊಳಗೆ ಗುಂಯ್ ಎಂದಿತು. ಚೆಂದ. ಆ ಹುಡುಗಿ ಸುಳ್ಳು ಹೇಳಿರಲಿಲ್ಲ, ಹುಡುಗಾಟ ಆಡಿರಲಿಲ್ಲ, ನೋಡಿದ್ದನ್ನು ನೋಡಿದ ಹಾಗೆ ಹೇಳಿದ್ದಳು. ಬೆಳಗಿನಿಂದ ತಾನು ನೋಡುತ್ತಿರುವುದೂ ಅದನ್ನೇ. ಮಂಜು, ಮಿಂಚು ಎಂದು ಸಾವಿರ ಸಲ ಕೇಳಿದ್ದೇನೆ, ಅದು ಇಷ್ಟು ಚೆಂದ ಇರುತ್ತದೆ ಎಂದು ನನಗೆ ಯಾರು ಹೇಳಿದ್ದರು? ಆ ಹುಡುಗಿಯೇ ಹೇಳಿದ್ದಳಲ್ಲ! ಅಷ್ಟರಲ್ಲಿ ದೊಡ್ಡ ಸಿಸ್ಟರ್ ಕಣ್ಸನ್ನೆ ಮಾಡಿದರು, ಫಿಟ್ಸ್ ಬರಬೇಕಿತ್ತು, ಎಲ್ಲ ಕಾಯುತ್ತಿದ್ದರು. ಅಭ್ಯಾಸಬಲದಿಂದ ಅವಳ ದೇಹ ಹಿಂದಕ್ಕೆ ವಾಲಿತು, ಹಲ್ಲು ಕಚ್ಚಿತು, ಕೈಗಳು ಮಡಿಚಿಕೊಂಡು ನಡುಗತೊಡಗಿದವು. “ಫಿಟ್ಸ್! ಎಲ್ಲ ಬನ್ನಿ!” ಎಂದು ಯಾರೋ ಕೂಗಿದರು. ಅವಳನ್ನು ಎಡಮಗ್ಗುಲಿಗೆ ತಿರುಗಿಸಿದರು, ಮೂಗಿಗೆ ಆಮ್ಲಜನಕದ ಮುಖವಾಡ ಬಂತು. ನಡುಗುತ್ತಿರುವುದು ನಾನೋ, ನನ್ನನ್ನು ಯಾರಾದರೂ ನಡುಗಿಸುತ್ತಿದ್ದಾರೋ ಎಂದು ಅವಳಿಗೆ ಭಯವಾಗಿ ನಡುಕ ನಿಲ್ಲಿಸಿ ನೋಡಿದಳು. ನಿಂತಿತು. ಇನ್ನೂ ನನ್ನ ಮಾತು ಕೇಳುತ್ತಿದೆ. ಇನ್ನೆಷ್ಟು ಹೊತ್ತು ಕೇಳುತ್ತದೆ?

“ಬಿ.ಪಿ.?” ಎಂದರು ದೊಡ್ಡ ಸಿಸ್ಟರ್. ನಾಟಕದಲ್ಲಿ ಬಿ.ಪಿ. ನೋಡುವವಳು ಕಾರ್ಡಿನ ಮೇಲೆ ಬರೆದ ಅಂಕಿಯನ್ನು ಓದಿದರೆ ಸಾಕು. ಆಮೆ ಮಾತ್ರ ತೋಳಿಗೆ ಪಟ್ಟಿ ಸುತ್ತಿ, ತೋಳನ್ನು ಎದೆಯ ಮಟ್ಟಕ್ಕೆ ಇಳಿಸಿ ಹಿಡಿದು, ಪುಸ್ ಪುಸ್ ಎಂದು ಗಾಳಿ ತುಂಬಿ, ಸ್ಟೆತಾಸ್ಕೋಪು ಇಟ್ಟು, ಮುಳ್ಳು ಇಳಿಯುವುದನ್ನು ನೋಡುತ್ತ ಕೂತುಬಿಟ್ಟಳು. ಯಾರೋ “ಶುರುವಾಯ್ತು ಆಮೆ ಸವಾರಿ” ಅಂದರು. ಕೊನೆಗೆ ಅವಳು ಹೇಳಿದಳು: “ನೂರಾ ಅರವತ್ತೆಂಟು, ನೂರಾ ಹದಿನಾಲ್ಕು.”

“ಕಾರ್ಡಲ್ಲಿ ನೂರಾ ಎಪ್ಪತ್ತು, ನೂರಾ ಹತ್ತು ಅಂತ ಇದೆಯಲ್ಲೇ. ಅದನ್ನ ಓದೋಕೂ ಆಗಲ್ವಾ ನಿನಗೆ?” ಎಂದರು ದೊಡ್ಡ ಸಿಸ್ಟರ್.

“ನಾನು ಕಾರ್ಡ್ ನೋಡ್ಲಿಲ್ಲ. ಇದು ತೋಳಿಂದು.”

ಮತ್ತೆ ನಗು. ಡಾಕ್ಟರಮ್ಮ ಮಾತ್ರ ಅರೆಕ್ಷಣ ಹುಬ್ಬು ಗಂಟಿಕ್ಕಿ, “ಈಗ ತಾನೇ ಅಷ್ಟು ಜೋರಾಗಿ ನಡುಗಿದಾಳೆ, ಏರಿರುತ್ತೆ. ಮುಗಿದ ಮೇಲೆ ಇನ್ನೊಂದು ಸಲ ನೋಡೋಣ” ಅಂದರು. ನಿಜವೇ, ಮೈ ಬಿಗಿ ಹಿಡಿದರೆ ಏರುತ್ತದೆ. ಅವಳಿಗೆ ಬೇಕಾದ ನೆಪವನ್ನು ಡಾಕ್ಟರಮ್ಮ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು. ತೆಗೆದುಕೊಳ್ಳಬಹುದಿತ್ತು. ಸುಮ್ಮನೆ ಮಲಗಿದ್ದರೆ ನಾಟಕ ಮುಗಿಯುತ್ತದೆ, ಆಫೀಸಿನವರು ಚಪ್ಪಾಳೆ ತಟ್ಟುತ್ತಾರೆ, ಸಂಜೆ ಮನೆಯಲ್ಲಿ ಕೂತು ನೋಡಿಕೊಳ್ಳಬಹುದು. ಅಥವಾ ಮಲಗಿ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟಳು. ಬೆಳಗ್ಗೆ ಒದ್ದದ್ದು, ಅದಾದ ಮೇಲೆ? ಮೆಟ್ಟಿಲ ಮೇಲೆ ಒದ್ದಿತ್ತೇ? ಕುಣಿಯುತ್ತಿದ್ದದ್ದು ಕೂಸೋ ತಾನೋ? ಅಂಗೈ ಕೆಳಗೆ ದಿಂಬು ಕೂಡ ಹೀಗೇ ಇರುತ್ತಿತ್ತು, ಹೀಗೇ ಮೆತ್ತಗೆ, ಹೀಗೇ ಸುಮ್ಮನೆ.

“ಇದು ನಾಟಕ ಅಲ್ಲ” ಎಂದಳು.

“ನೋಡಿ, ಬಂತು ಡೈಲಾಗು!” ದೊಡ್ಡ ಸಿಸ್ಟರ್ ಹೆಮ್ಮೆಯಿಂದ ಆಫೀಸಿನವರ ಕಡೆ ತಿರುಗಿದರು. “ಹೋದ ಸಲ ಇದೇ ಮಾತು ಹೇಳಿ ನಮ್ಮನ್ನೆಲ್ಲ ಅಳಿಸಿಬಿಟ್ಟಿದ್ಲು.”

ಹೌದು, ಹೋದ ಸಲ ಇದೇ ಮಾತು. ‘ಇದು ನಾಟಕ ಅಲ್ಲ ಕಣ್ರೇ, ನನ್ನ ಕೂಸು’ ಎಂದು ದಿಂಬನ್ನು ತಬ್ಬಿಕೊಂಡು ಕಿರುಚಿದ್ದಳು, ಅದಕ್ಕೂ ಹಿಂದಿನ ಸಲ ಡಾಕ್ಟರಮ್ಮನ ಕೈ ಹಿಡಿದು ಅತ್ತಿದ್ದಳು. ಇದ್ದಬದ್ದ ಮಾತುಗಳನ್ನೆಲ್ಲ ಆಡಿ ಖರ್ಚು ಮಾಡಿಬಿಟ್ಟಿದ್ದಳು, ಈಗ ನಿಜಕ್ಕೆಂದು ಒಂದೂ ಉಳಿದಿರಲಿಲ್ಲ. ಕೂಗಿದರೆ ಭೇಷ್ ಅನ್ನುತ್ತಾರೆ. ಅತ್ತರೆ ಇನ್ನೂ ಭೇಷ್ ಅನ್ನುತ್ತಾರೆ. ಯಾರೋ ಆಗಲೇ ಟ್ರೇ ಎಳೆದುಕೊಂಡು ಕೆಂಪು ಟೇಪಿನ ಸಿರಿಂಜು ಎತ್ತಿ ಬೆಳಕಿಗೆ ಹಿಡಿದು, “ಮೆಗ್ನೀಷಿಯಂ ರೆಡಿ” ಎನ್ನುತ್ತಿದ್ದಳು. ನೀರು, ಬರೀ ನೀರು! ಅವಳಿಗೆ ನಗು ಬಂತು, ಅಳು ಬಂತು, ಎರಡೂ ಒಟ್ಟಿಗೆ ಬಂದವು. ಮಾತು ಸುಳ್ಳು ಹೇಳುತ್ತದೆ, ಮುಖ ಸುಳ್ಳು ಹೇಳುತ್ತದೆ, ತೋಳು ಕೂಡ ಮಲಗಿಸಿದ ಹಾಗೆ ಹೇಳುತ್ತದೆ. ಯಾವುದು ಹೇಳುವುದಿಲ್ಲ? ಯಾವುದು? ವರ್ಷಗಟ್ಟಲೆ ಕಲಿಸಿದ್ದೆಲ್ಲ ಒಮ್ಮೆಗೇ ನುಗ್ಗಿ ಬಂತು, ಫಿಟ್ಸಿಗೆ ಮೊದಲು ನರ ಕೆರಳಿದೆಯೇ ಎಂದು ತಟ್ಟಿ ನೋಡುವ ಸುತ್ತಿಗೆ, ತಾನಾಗಿ ಚಿಮ್ಮುವ ಮೊಣಕಾಲು, ಪಾದ. ಪಾದ! ಅವಳು ಮುಖವಾಡ ಕಿತ್ತು ಎಸೆದಳು.

“ಆಮೆ, ನನ್ನ ಪಾದ ಹಿಡ್ಕೊ. ಚಪ್ಪಲಿ ಕಿತ್ತು ಹಾಕು. ಮೊಣಕಾಲು ಮಡಿಸು, ಪಾದನ ಜೋರಾಗಿ ಮೇಲಕ್ಕೆ ಒತ್ತಿ ಹಿಡ್ಕೊ. ಬಿಡಬೇಡ.”

ಇದು ನಾಟಕದಲ್ಲಿ ಇರಲಿಲ್ಲ. ದೊಡ್ಡ ಸಿಸ್ಟರ್ ಏನೋ ಹೇಳಲು ಬಾಯಿ ತೆರೆದರು. ಆಮೆ ಕೇಳಿದ್ದನ್ನು ಕೇಳಿದ ಹಾಗೆ ಮಾಡುವವಳು. ಚಪ್ಪಲಿ ಬಿಚ್ಚಿದಳು, ಚರ್ಮದಲ್ಲಿ ಪಟ್ಟಿಯ ಗುರುತು ಬೆರಳಾಳ ಮೂಡಿತ್ತು, ಒಂದು ಕೈ ಮೊಣಕಾಲ ಕೆಳಗೆ ಕೊಟ್ಟು ಇನ್ನೊಂದು ಕೈಯಿಂದ ಪಾದವನ್ನು ತಟ್ಟನೆ ಮೇಲಕ್ಕೆ ಒತ್ತಿ ಹಿಡಿದಳು. ಪಾದ ಅವಳ ಅಂಗೈಯಲ್ಲಿ ತಾನಾಗಿ ಬಡಿಯತೊಡಗಿತು. ಟಪ, ಟಪ, ಟಪ, ಟಪ. ಮಲಗಿದ್ದವಳು ಅದನ್ನು ನೋಡುತ್ತಿದ್ದಳು, ಯಾರದೋ ಪಾದವನ್ನು ನೋಡುವ ಹಾಗೆ. ನಿಲ್ಲಿಸು ಎಂದು ಮನಸ್ಸಿನಲ್ಲೇ ಹೇಳಿದಳು. ಅದು ಅವಳ ಮಾತು ಕೇಳಲಿಲ್ಲ. ಆಮೆ ತುಟಿ ಆಡಿಸಿ ಎಣಿಸುತ್ತಿದ್ದಳು. ನಗು ಯಾವಾಗಲೋ ನಿಂತುಹೋಗಿತ್ತು.

“ಇದನ್ನ ಆಡೋಕೆ ಬರಲ್ಲ” ಎಂದಳು ಆಮೆ, ಅದೇ ಏರಿಳಿತವಿಲ್ಲದ ದನಿಯಲ್ಲಿ, ಡಾಕ್ಟರಮ್ಮನ ಕಡೆ ತಿರುಗಿ. “ಇನ್ನೂ ಬಡೀತಾನೇ ಇದೆ.”

“ಕೆಂಪು ಟೇಪಿಂದು ಬೇಡ!” ಅವಳು ಕಿರುಚಿದಳು. “ಅದು ನೀರು! ಕಪಾಟಿನ ಎರಡನೇ ಖಾನೆ, ನಿಜವಾದ್ದು ಅಲ್ಲಿದೆ. ಪಕ್ಕದಲ್ಲೇ ಕ್ಯಾಲ್ಸಿಯಂ ಇಟ್ಕೊಳ್ಳಿ, ಉಸಿರು ಇಳಿದ್ರೆ ಬೇಕಾಗುತ್ತೆ. ಬಿ.ಪಿ. ಇಳಿಸೋ ಇಂಜೆಕ್ಷನ್ ಫ್ರಿಜ್‌ನಲ್ಲಿದೆ!”

“ನೀನು ಬಾಯಿ ಮುಚ್ಕೊಂಡು ಮಲಗು” ಎಂದು ದೊಡ್ಡ ಸಿಸ್ಟರ್ ಗದರಿದರು. ಗದರುವಾಗ ಅವರ ಕಣ್ಣಲ್ಲಿ ನೀರು ಕಟ್ಟಿತ್ತು. ಆಮೇಲೆ ನಡೆದದ್ದನ್ನು ಅವಳು ಜೀವಮಾನದಲ್ಲಿ ಮರೆಯುವುದಿಲ್ಲ. ಅರೆ, ಎಷ್ಟು ಚುರುಕು! ಇಷ್ಟು ವರ್ಷ ತಾಲೀಮಿನಲ್ಲಿ ಎಡವಿದವರು, ನಕ್ಕವರು, ಸೂಜಿ ಮರೆತವರು ಒಬ್ಬರನ್ನೊಬ್ಬರು ಮುಟ್ಟದೆ, ಢಿಕ್ಕಿ ಹೊಡೆಯದೆ ಅವಳ ಸುತ್ತ ಓಡಾಡಿದರು. ಕೆಂಪು ಟೇಪಿನ ಸಿರಿಂಜುಗಳು ಟ್ರೇ ಸಮೇತ ನೆಲಕ್ಕೆ ಹೋದವು. ಒಬ್ಬಳು ತೋಳಿಗೆ ಸೂಜಿ ಹಾಕಿದಳು, ಒಬ್ಬಳು ರಕ್ತ ತೆಗೆದುಕೊಂಡು ಓಡಿದಳು, ಒಬ್ಬಳು ನಳಿಗೆ ಹಾಕಿ ಮೂತ್ರದಲ್ಲಿ ಪಟ್ಟಿ ಅದ್ದಿ ಎತ್ತಿದಳು, ಕಡುಹಸಿರು. ಆಫೀಸಿನಿಂದ ಬಂದ ಹೆಂಗಸು ಕುರ್ಚಿಯಿಂದ ಎದ್ದು ಡ್ರಿಪ್ ಬಾಟಲಿ ಎತ್ತಿ ಹಿಡಿದು ನಿಂತಿದ್ದಳು, ಯಾರು ಹಿಡಿಸಿದರೋ. ಮೆಗ್ನೀಷಿಯಂ ನಿಧಾನವಾಗಿ ಒಳಗೆ ಹೋಗುತ್ತಿದ್ದಂತೆ ಕಾಲಿನಿಂದ ಕಿವಿಯವರೆಗೆ ಬಿಸಿ ಏರಿತು, ಬೇಸಿಗೆಯಲ್ಲಿ ಬಸ್ಸಿನ ಇಂಜಿನ್ ಮೇಲೆ ಕೂತ ಹಾಗೆ. ‘ಮೈ ಬಿಸಿ ಆಗುತ್ತೆ, ಹೆದರಬೇಡಿ’ ಎಂದು ಸಾವಿರ ಸಲ ಹೇಳಿದ್ದಳು. ಇಷ್ಟು ಬಿಸಿಯೇ! ಅದನ್ನೂ ಸರಿಯಾಗಿ ಹೇಳಿಕೊಟ್ಟಿರಲಿಲ್ಲ. ಅವಳಿಗೆ ಹೆದರಿಕೆಯಾಗುತ್ತಿತ್ತು, ಹೆದರಿಕೆಯೊಳಗೇ ಒಂದು ಹುಚ್ಚು ಉಬ್ಬರ, ಎಲ್ಲರಿಗೂ ಈಗಲೇ ಎಲ್ಲ ಹೇಳಿಬಿಡಬೇಕು ಎಂಬ ಆತುರ.

“ಆಮೆ, ಕೇಳಿಲ್ಲಿ. ಮೂರು ಮುಟ್ಟು ತಪ್ಪು. ಮಂಜು ಇದೆಯಾ ಅಂತ ಮಾತ್ರ ಕೇಳಬಾರದು. ಚೆಂದ ಏನಾದ್ರೂ ಕಾಣ್ತಾ ಅಂತಲೂ ಕೇಳಬೇಕು. ಆ ಗುಂಡಿ ಹೊಲಿಯೋ ಹುಡುಗಿ ಸರಿಯಾಗೇ ಹೇಳಿದ್ಲು. ನಾನೇ... ನಾನೇ ಅವಳನ್ನ ಗದರಿಸಿ ಇಲ್ಲ ಅನ್ನಿಸಿದೆ. ಅವಳ ಮಗು...”

“ಗೊತ್ತು” ಎಂದಳು ಆಮೆ. “ಆವತ್ತು ನಾನೂ ಅಲ್ಲೇ ಇದ್ದೆ. ಈಗ ಸುಮ್ಮನಿರು, ಉಸಿರು ಎಣಿಸ್ತಿದೀನಿ.”

ಪೂರ್ತಿ ಒಂದು ನಿಮಿಷ ಎಣಿಸಿದಳು. ಆ ಒಂದು ನಿಮಿಷ ಮುಗಿಯದಿರಲಿ ಎಂದು ಮಲಗಿದ್ದವಳಿಗೆ ಅನಿಸಿತು. ಆಮೇಲೆ ಹೊಟ್ಟೆಯ ಮೇಲೆ ಯಂತ್ರ ಇಟ್ಟರು, ಮೊದಲು ಬರೀ ಗೊರಗೊರ, ಆಚೆ ಸರಿಸಿದರು, ಈಚೆ ಸರಿಸಿದರು, ಯಾರೂ ಉಸಿರೆತ್ತಲಿಲ್ಲ, ಕೊನೆಗೆ ಸಿಕ್ಕಿತು, ದಡದಡ ಓಡುವ ಸಣ್ಣ ಬಡಿತ. ಇತ್ತು! ಇದ್ದಾನೆ, ಇದ್ದಾಳೆ, ಯಾರೋ ಇದ್ದಾರೆ! ಆದರೆ ನಡುನಡುವೆ ಬಡಿತ ಜಾರಿ ನಿಧಾನವಾಗುತ್ತಿತ್ತು, ಅದು ಏನೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಡಾಕ್ಟರಮ್ಮ ಅವಳ ಭುಜ ಒತ್ತಿದರು. “ಬಿ.ಪಿ. ಸ್ವಲ್ಪ ಇಳೀಲಿ. ರಕ್ತದ ರಿಪೋರ್ಟ್ ಬರ್ತಿದ್ದ ಹಾಗೆ ಇವತ್ತೇ ತೆಗೆದುಬಿಡೋಣ. ಎಂಟು ತಿಂಗಳು ತುಂಬಿದೆ, ಪರವಾಗಿಲ್ಲ.” ಅವಳು ತಲೆಯಾಡಿಸಿದಳು. ಗಂಡ ಬಸ್ಸನ್ನು ಯಾರಿಗೋ ಒಪ್ಪಿಸಿ, ಖಾಕಿ ಅಂಗಿಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತಿದ್ದ, ಅವನ ಹಿಂದೆ ಅತ್ತೆ. “ನೆಟ್ಟಗೆ ಮಲಗೇ, ಓದಿದ ಸೂಲಗಿತ್ತಿ” ಎಂದರು ಅತ್ತೆ, ದನಿ ಒಡೆದಿತ್ತು.

ಮಧ್ಯಾಹ್ನದ ಬಿಸಿಲು ಆಪರೇಷನ್ ಕೋಣೆಯ ಮಸುಕು ಗಾಜಿನಲ್ಲಿ ನಿಂತಿತ್ತು. ಬೆನ್ನಿಗೆ ಸೂಜಿ ಕೊಟ್ಟಿದ್ದರು, ಸೊಂಟದ ಕೆಳಗೆ ಅವಳು ಇರಲೇ ಇಲ್ಲ. ಹಸಿರು ಪರದೆಯ ಆಚೆ ಡಾಕ್ಟರಮ್ಮನ ಟೋಪಿ ಮಾತ್ರ ಕಾಣುತ್ತಿತ್ತು, ತಲೆಯ ಬಳಿ ಆಮೆ. ಮಿಣುಕುಗಳು ಒಂದೊಂದೇ ಕಡಿಮೆಯಾಗುತ್ತಿದ್ದವು. ದೀಪದ ಅಂಚಿನಲ್ಲಿ ಎರಡು ಉಳಿದಿದ್ದವು, ಆಮೇಲೆ ಒಂದು, ಆಮೇಲೆ ದೀಪ ಬರೀ ದೀಪವಾಯಿತು. ಅವಳಿಗೆ ಒಂದು ಕ್ಷಣ ಏನನ್ನೋ ಕಳೆದುಕೊಂಡಂತೆ ಅನಿಸಿ ಅದಕ್ಕೆ ನಾಚಿಕೆಯಾಯಿತು. ಹೊಟ್ಟೆಯೊಳಗೆ ಯಾರೋ ಪಾತ್ರೆ ತೊಳೆಯುತ್ತಿರುವ ಹಾಗೆ ಎಳೆದಾಟ. ಎಷ್ಟು ಹೊತ್ತು. ಯಾಕೆ ಸದ್ದಿಲ್ಲ? ಆ ಹುಡುಗಿಯೂ ಹೀಗೇ ಕಾದಿರಬೇಕು, ಸೂರು ನೋಡುತ್ತ, ಯಾರೂ ಏನೂ ಹೇಳದೆ. ಅವಳು ಆಮೆಯ ಕೈ ಹುಡುಕಿದಳು, ಸಿಕ್ಕಿತು, ಅದು ತಣ್ಣಗೆ ಬೆವರಿತ್ತು. ಆಗ ಪರದೆಯ ಆಚೆ ಒಂದು ಕ್ಷೀಣ ಸದ್ದು, ಬಾಗಿಲ ಸಂದಿನಲ್ಲಿ ಬೆಕ್ಕಿನ ಮರಿ ಸಿಕ್ಕಿಕೊಂಡಂತೆ. ಇನ್ನೊಂದು ಸಲ. ಆಮೇಲೆ ನಿಲ್ಲಿಸದೆ, ಸಿಟ್ಟಿನಿಂದ.

“ಹೆಣ್ಣು” ಎಂದರು ಡಾಕ್ಟರಮ್ಮ. “ಸಣ್ಣದಿದೆ, ಆದ್ರೆ ಬಾಯಿ ನಿನ್ನದೇ.”

ಒರೆಸಿ, ಸುತ್ತಿ, ಆಮೆ ಅದನ್ನು ಎತ್ತಿಕೊಂಡು ಬಂದಳು. ಒಂದೇ ಒಂದು ಸಲ ತೋರಿಸಿ ಬಿಸಿಪೆಟ್ಟಿಗೆಗೆ ಒಯ್ಯಬೇಕು. ಅವಳು ಕತ್ತು ಹೊರಳಿಸಿ ನೋಡಿದಳು. ಮುದುಕಿಯಂಥ ಮುಖ, ಸುಕ್ಕು ಹಣೆ, ಚಪ್ಪಟೆ ಮೂಗು, ಕೆಂಪಗೆ ಬೆಂದ ಬಣ್ಣ. ಸುತ್ತ ಯಾವ ಮಿಣುಕೂ ಇರಲಿಲ್ಲ, ಅಂಚಿನಲ್ಲಿ ಯಾವ ಹೊಳಪೂ ಇರಲಿಲ್ಲ. ಇದ್ದದ್ದು ಅಷ್ಟೇ, ಹೇಗಿತ್ತೋ ಹಾಗೆ.

“ಚೆಂದ ಕಾಣ್ತಿದೆ” ಎಂದಳು.

ಯಾರೂ ನಗಲಿಲ್ಲ. ಆಮೆ, ಜೀವಮಾನದಲ್ಲಿ ಎಂದೂ ಅವಸರ ಮಾಡದವಳು, ಮಗುವನ್ನು ಥಟ್ಟನೆ ಪಕ್ಕದವಳ ಕೈಗಿಟ್ಟು ಸುತ್ತಿಗೆ ತೆಗೆದುಕೊಂಡು ಅವಳ ಮೊಣಕಾಲಿನ ಕಡೆ ಓಡಿದಳು.

“ಅಲ್ಲಿ ಮರಗಟ್ಟಿದೆ ಕಣೇ” ಎಂದಳು ಅವಳು, ಅಳುತ್ತ, ನಗುತ್ತ, ತೋಳನ್ನು ಮುಂದಕ್ಕೆ ಚಾಚಿ. “ಮೊಣಕೈಯಲ್ಲಿ ನೋಡು. ನಿಧಾನವಾಗಿ ನೋಡು.”